ಕಾಯಿ ಹಣ್ಣಾಗಬಾರದು

ಕೇಳುಗರಿಗೆ ನಮಸ್ಕಾರ. ಬೇಸ್‌ಬಾಲ್ ಬಗ್ಗೆ ಮಾತಾಡಿ ಅಂದಾಗ ಹಿಂದೆಮುಂದೆ ನೋಡದೆ ಒಪ್ಪಿಕೊಂಡೆ. ಆ ಆಟದಲ್ಲಿ ನನಗೆ ಜಾಸ್ತಿ ಇಷ್ಟ ಶಟ್‌ಔಟ್. ಎದುರಾಳಿಗೆ ಒಂದು ರನ್ನೂ ಕೊಡದೆ ಗೆಲ್ಲುವುದು.

ಚೌಕಾಬಾರ ಆಡಿದ್ದೀರಲ್ವಾ? ಕಾಯಿ ಸುತ್ತು ಹಾಕಿ ಹಣ್ಣಾಗಬೇಕು. ಬೇಸ್‌ಬಾಲಿನ ರನ್ ಕೂಡ ಹಾಗೇ. ಹೊಡೆದವನು ಒಂದು, ಎರಡು, ಮೂರನೇ ಬೇಸ್ ಮುಟ್ಟಿ, ಹೊರಟ ಜಾಗಕ್ಕೇ, ಅಂದರೆ ಹೋಮ್ ಪ್ಲೇಟ್‌ಗೆ ವಾಪಸ್ ಬರಬೇಕು. ಮೂರನೇ ಬೇಸ್‌ನಲ್ಲೇ ನಿಂತರೆ ಇನ್ನೂ ಕಾಯಿ. ಶಟ್‌ಔಟ್ ಅಂದರೆ ಯಾರ ಬ್ಯಾಟಿಗೂ ಚೆಂಡು ಸಿಗಲಿಲ್ಲ ಅಂತ ತುಂಬ ಜನ ಅಂದುಕೊಳ್ಳುತ್ತಾರೆ. ಹಾಗಲ್ಲ. ಹೊಡೆತ ಎಷ್ಟಾದರೂ ಬೀಳಲಿ, ಕಾಯಿ ಹಣ್ಣಾಗಬಾರದು.

ಒಂದು ಮ್ಯಾಚ್ ಹೇಳುತ್ತೇನೆ. 1991ರ ಅಕ್ಟೋಬರ್ 27, ಅಮೆರಿಕದ ಮಿನಿಯಾಪೊಲಿಸ್. ಅಲ್ಲಿನ ಬೇಸ್‌ಬಾಲ್ ಚಾಂಪಿಯನ್ ಯಾರೆಂದು ತೀರ್ಮಾನಿಸುವ ವರ್ಲ್ಡ್ ಸೀರೀಸಿನ ಏಳನೇ, ಕೊನೆಯ ಆಟ. ಮಿನ್ನೆಸೋಟ ಟ್ವಿನ್ಸ್ ಮತ್ತು ಅಟ್ಲಾಂಟ ಬ್ರೇವ್ಸ್, ಎರಡೂ ಹಿಂದಿನ ವರ್ಷ ತಮ್ಮ ಗುಂಪಿನಲ್ಲಿ ಕೊನೇ ಸ್ಥಾನದಲ್ಲಿದ್ದ ತಂಡಗಳು! ಮೆಟ್ರೋಡೋಮ್ ಅನ್ನೋ ಮುಚ್ಚಿದ ಕ್ರೀಡಾಂಗಣ, 55 ಸಾವಿರ ಜನ, ಕೈಯಲ್ಲಿ ಬಿಳಿ ಕರ್ಚೀಫು. ಟ್ವಿನ್ಸ್‌ಗೆ ಚೆಂಡು ಎಸೆಯುತ್ತಿದ್ದವರು ಜ್ಯಾಕ್ ಮಾರಿಸ್. ವಯಸ್ಸು 36, ಪಕ್ಕದ ಸೇಂಟ್ ಪಾಲ್ ಊರಿನವರೇ. ಎದುರಿಗೆ 24ರ ಹುಡುಗ ಜಾನ್ ಸ್ಮೋಲ್ಟ್ಸ್.

ಬೇಸ್‌ಬಾಲಿನಲ್ಲಿ ಒಂದು ಇನ್ನಿಂಗ್ಸ್ ಅಂದರೆ ಎರಡೂ ತಂಡಕ್ಕೆ ಒಂದೊಂದು ಸರದಿ, ಮೂವರು ಔಟಾದರೆ ಸರದಿ ಮುಗೀತು; ಆಟಕ್ಕೆ ಒಂಬತ್ತು ಇನ್ನಿಂಗ್ಸ್. ಈಗ ಎಂಟನೇದು. ಇನ್ನೂ ಸೊನ್ನೆ-ಸೊನ್ನೆ. ಬ್ರೇವ್ಸ್‌ನ ಲಾನಿ ಸ್ಮಿತ್ ಮೊದಲ ಬೇಸ್‌ನಲ್ಲಿ. ಟೆರಿ ಪೆಂಡಲ್ಟನ್ ಹೊಡೆದ ಚೆಂಡು ದೂರ ಹೋಯಿತು. ಸ್ಮಿತ್ ಆರಾಮಾಗಿ ಹೋಮ್ ಪ್ಲೇಟ್ ಮುಟ್ಟಬಹುದಿತ್ತು, ಆದರೆ ಓಡುವ ಭರದಲ್ಲಿ ಚೆಂಡು ಎಲ್ಲಿ ಹೋಯಿತೆಂದು ಅವರು ನೋಡಿರಲಿಲ್ಲ, ಮೇಲಾಗಿ ಟ್ವಿನ್ಸ್‌ನ ಚಕ್ ನಾಬ್ಲಾಕ್ ಚೆಂಡು ತನ್ನ ಕೈಯಲ್ಲೇ ಇದೆ ಅನ್ನೋ ಹಾಗೆ ಬಗ್ಗಿ ಎಸೆಯುವ ನಟನೆ ಬೇರೆ ಮಾಡಿದರು. ಸ್ಮಿತ್ ಎರಡನೇ ಬೇಸ್ ಹತ್ತಿರ ನಿಂತೇಬಿಟ್ಟರು. ಮತ್ತೆ ಓಡಿ ಮೂರನೇದರ ತನಕ ಬಂದರು, ಅಷ್ಟೇ.

ಈಗ ನೋಡಿ. ಇಬ್ಬರು ಬೇಸ್‌ಗಳ ಮೇಲೆ, ಇನ್ನೂ ಒಬ್ಬರೂ ಔಟಾಗಿಲ್ಲ. ರಾನ್ ಗ್ಯಾಂಟ್ ನೆಲಕ್ಕೆ ಮೆಲ್ಲಗೆ ಹೊಡೆದು ಔಟ್, ಸ್ಮಿತ್ ಅಲ್ಲಾಡಲಿಲ್ಲ. ಮುಂದಿನ ಡೇವಿಡ್ ಜಸ್ಟಿಸ್‌ಗೆ ಬೇಕಂತಲೇ ಚೆಂಡು ದೂರ ಎಸೆದು ಮೊದಲ ಬೇಸ್ ಬಿಟ್ಟುಕೊಟ್ಟರು. ಮೂರೂ ಬೇಸ್ ತುಂಬಿದವು. ಸಿಡ್ ಬ್ರೀಮ್ ಹೊಡೆದ ಚೆಂಡು ಮೊದಲ ಬೇಸ್‌ನ ಕೆಂಟ್ ಹರ್ಬೆಕ್ ಕೈಗೆ. ಹರ್ಬೆಕ್ ಹೋಮ್ ಪ್ಲೇಟ್‌ನಲ್ಲಿದ್ದ ಕ್ಯಾಚರ್‌ಗೆ ಎಸೆದರು, ಸ್ಮಿತ್ ಔಟ್. ಕ್ಯಾಚರ್ ಹರ್ಬೆಕ್‌ಗೇ ವಾಪಸ್ ಎಸೆದರು, ಬ್ರೀಮ್ ಔಟ್. ಒಂದೇ ಹೊಡೆತಕ್ಕೆ ಇಬ್ಬರು! ಮಾರಿಸ್ ಮುಷ್ಟಿ ಬೀಸಿ ಕೂಗಿದರು. ಮೂರು ಕಾಯಿಯಲ್ಲಿ ಒಂದೂ ಹಣ್ಣಾಗಲಿಲ್ಲ. ಶಟ್‌ಔಟ್ ಅಂದರೆ ಇದು ಕಣ್ರೀ.

ಈ ಮ್ಯಾಚಿನ ಕೊನೆಯ ಸ್ಕೋರ್ 1-0 ನೋಡಿ ‘ಒಂದೇ ರನ್ನಾ, ಸಪ್ಪೆ ಮ್ಯಾಚ್’ ಅನ್ನೋರಿಗೆ ನಾನು ಕೇಳೋದಿಷ್ಟೆ: ದಯವಿಟ್ಟು ಈ ಇನ್ನಿಂಗ್ಸ್ ಒಮ್ಮೆ ನೋಡಿ. ಅವತ್ತು ಮಾರಿಸ್ ಏಳು ಹಿಟ್, ಅಂದರೆ ಹೊಡೆದವನು ಬೇಸ್ ಸೇರುವಂಥ ಹೊಡೆತ, ಕೊಟ್ಟಿದ್ದರು. ಏಳು!

ಸಮಯ ಮುಗಿಯುತ್ತಾ ಬಂತು. ಒಂಬತ್ತು ಇನ್ನಿಂಗ್ಸ್ ಮುಗಿದಾಗಲೂ ಸೊನ್ನೆ-ಸೊನ್ನೆ, ಆಟ ಮುಂದುವರಿಯಬೇಕಿತ್ತು. ಟ್ವಿನ್ಸ್ ಮ್ಯಾನೇಜರ್ ಟಾಮ್ ಕೆಲ್ಲಿ ಮಾರಿಸ್‌ಗೆ ಸಾಕು ಅಂದರು. ಮಾರಿಸ್ ಒಪ್ಪಲಿಲ್ಲ, ಹತ್ತನೆಯದನ್ನೂ ತಾವೇ ಎಸೆದರು, ಒಟ್ಟು 126 ಚೆಂಡು. ಆಮೇಲೆ ಟ್ವಿನ್ಸ್ ಸರದಿ. ಡ್ಯಾನ್ ಗ್ಲ್ಯಾಡನ್ ಮೂರನೇ ಬೇಸ್‌ನಲ್ಲಿ, ಜೀನ್ ಲಾರ್ಕಿನ್ ಹೊಡೆದ ಚೆಂಡು ಫೀಲ್ಡರ್‌ಗಳ ತಲೆ ಮೇಲೆ ಹಾರಿ ಬಿತ್ತು. ಗ್ಲ್ಯಾಡನ್ ಹೋಮ್ ಪ್ಲೇಟ್‌ಗೆ ಓಡಿ ಬಂದಾಗ ಅಲ್ಲಿ ಕಾಯುತ್ತಿದ್ದವರು ಮಾರಿಸ್. ನಮಸ್ಕಾರ.