ಕೆರೆ ದಂಡೆಯ ಮಾರಿನೆಸ್ಕೊ, ಕಡಲಡಿಯ ಜನ

ನಮಸ್ಕಾರ. ಇವತ್ತು ಒಂದು ಸ್ಮಾರಕದ ಬಗ್ಗೆ ಮಾತಾಡಬೇಕು ಅನ್ನಿಸಿದೆ.

ರಷ್ಯಾದ ಕಲಿನಿನ್‌ಗ್ರಾಡ್‌ನಲ್ಲಿ ಒಂದು ಕೆರೆ ಇದೆ. ಅದರ ದಂಡೆಯಲ್ಲಿ ಅಲೆಕ್ಸಾಂಡರ್ ಮಾರಿನೆಸ್ಕೊ ಅವರ ಸ್ಮಾರಕ. ಎರಡನೇ ಮಹಾಯುದ್ಧದಲ್ಲಿ ಸೋವಿಯತ್ ಸಬ್‌ಮರೀನ್ ಎಸ್-13ರ ಕಮಾಂಡರ್ ಆಗಿದ್ದವರು. ಮುಳುಗಿಸಿದ ಹಡಗುಗಳ ಟನ್ ಲೆಕ್ಕ ಹಿಡಿದರೆ ಸೋವಿಯತ್ ಕಮಾಂಡರ್‌ಗಳಲ್ಲಿ ಇವರೇ ಮೊದಲು.

ಈ ಊರಿನ ಹಳೇ ಹೆಸರು ಕೋನಿಗ್ಸ್‌ಬರ್ಗ್. ಆಗ ಅದು ಜರ್ಮನಿಯ ಪೂರ್ವ ಪ್ರಶ್ಯಾದ ದೊಡ್ಡ ಪಟ್ಟಣ. 1945ರ ಜನವರಿಯಲ್ಲಿ ಸೋವಿಯತ್ ಸೇನೆ ಹತ್ತಿರ ಬಂದಾಗ ಆ ಸೀಮೆಯ ಜನ ಮಕ್ಕಳು ಮರಿ ಕಟ್ಟಿಕೊಂಡು ಹಿಮದಲ್ಲೇ ಕಡಲ ಕಡೆ ಓಡಿದರು. ಅಂಥ ಸಾವಿರಾರು ಜನ ಹತ್ತಿದ್ದು ವಿಲ್ಹೆಲ್ಮ್ ಗುಸ್ಟ್‌ಲೋಫ್ ಅನ್ನುವ ಹಡಗನ್ನು. ಜನವರಿ 30ರ ರಾತ್ರಿ ಅದನ್ನು ಮುಳುಗಿಸಿದ್ದು ಮಾರಿನೆಸ್ಕೊ. ಆ ಜನ ಬಿಟ್ಟು ಓಡಿದ ನೆಲದಲ್ಲೇ ಇವತ್ತು ಮಾರಿನೆಸ್ಕೊ ಅವರ ಸ್ಮಾರಕ ನಿಂತಿದೆ. ಇದು ನನ್ನನ್ನು ತುಂಬ ಕಾಡುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಅದು ಯುದ್ಧಾಪರಾಧ ಅಂತ ನಾನು ಹೇಳುವುದಿಲ್ಲ. ಹಡಗಿಗೆ ಬೂದು ಬಣ್ಣ ಬಳಿದಿತ್ತು. ರೆಡ್ ಕ್ರಾಸ್ ಗುರುತು ಇರಲಿಲ್ಲ. ವಿಮಾನ ಹೊಡೆಯುವ ತೋಪುಗಳಿದ್ದವು. ಸಬ್‌ಮರೀನ್ ತರಬೇತಿ ಪಡೆಯುತ್ತಿದ್ದ ಸುಮಾರು ಒಂದು ಸಾವಿರ ಜರ್ಮನ್ ನಾವಿಕರಿದ್ದರು. ಸೋವಿಯತ್ ನಗರ ಲೆನಿನ್‌ಗ್ರಾಡನ್ನು 872 ದಿನ ಮುತ್ತಿಗೆ ಹಾಕಿ, ಲಕ್ಷಾಂತರ ಜನರನ್ನು ಹಸಿವಿನಿಂದ ಸಾಯಿಸಿದ ದೇಶದ ಹಡಗು ಅದು. ಆ ಕತ್ತಲಲ್ಲಿ, ದೂರದಿಂದ ನೋಡುವವರಿಗೆ ಒಳಗೆ ಯಾರಿದ್ದಾರೆ ಅಂತ ಹೇಗೆ ಗೊತ್ತಾಗಬೇಕು?

ಆದರೆ ಒಳಗೆ ಯಾರಿದ್ದರು ಅಂತ ನಮಗೆ ಗೊತ್ತು ಅಲ್ವಾ?

ಹಡಗಿನ ತಳದಲ್ಲಿ ಒಂದು ಈಜುಕೊಳ ಇತ್ತು. ಜಾಗ ಸಾಲದೆ ಅದರ ನೀರು ಬಸಿದು, ನೌಕಾಪಡೆಯ ಸಹಾಯಕಿಯರಿಗೆ ಅಲ್ಲೇ ಮಲಗಲು ವ್ಯವಸ್ಥೆ ಮಾಡಿದ್ದರು. ಹೆಚ್ಚಿನವರು ಚಿಕ್ಕ ವಯಸ್ಸಿನ ಹುಡುಗಿಯರು. ಮೂರು ಟಾರ್ಪಿಡೊಗಳಲ್ಲಿ ಒಂದು ನೇರ ಅಲ್ಲಿಗೇ ಬಡಿಯಿತು. ಕೊಳದ ಟೈಲ್ಸ್ ಒಡೆದು ಚೂರಿಗಳ ಹಾಗೆ ಹಾರಿದವು. ಮೇಲೆ ಡೆಕ್‌ನಲ್ಲಿ ಲೈಫ್‌ಬೋಟ್‌ಗಳು ಮಂಜುಗಟ್ಟಿ ಅಂಟಿಕೊಂಡಿದ್ದವು, ಎಷ್ಟೋ ಬೋಟುಗಳು ಕೆಳಗಿಳಿಯಲೇ ಇಲ್ಲ. ಹೆಚ್ಚುಕಡಿಮೆ ಒಂದು ಗಂಟೆಯಲ್ಲಿ ಹಡಗು ಮುಳುಗಿತು. ಸತ್ತವರು 9,000ಕ್ಕೂ ಜಾಸ್ತಿ ಅಂತ ಅಂದಾಜು. ಅವರಲ್ಲಿ ಮಕ್ಕಳೇ ಸಾವಿರಾರು.

ನಾಜಿ ಸರ್ಕಾರ ಈ ಸುದ್ದಿಯನ್ನು ತನ್ನ ಜನರಿಂದಲೇ ಮುಚ್ಚಿಟ್ಟಿತು. ಹಾಗಿದ್ದರೂ, ಹಿಟ್ಲರ್ ಇಡೀ ದೇಶಕ್ಕೆ ಶೋಕ ಘೋಷಿಸಿ, ಮಾರಿನೆಸ್ಕೊ ತನ್ನ ಖಾಸಾ ಶತ್ರು ಅಂದ ಅನ್ನುವ ಕಟ್ಟುಕಥೆ ಇವತ್ತಿಗೂ ಓಡಾಡುತ್ತಿದೆ. ಮಾರಿನೆಸ್ಕೊ ಅವರಿಗೆ ಇಂಥ ಕಥೆಯ ಅಗತ್ಯವೇ ಇಲ್ಲ. ಅವರ ನಿಜವಾದ ಬದುಕೇ ಸಾಕಷ್ಟು ಭಾರವಾಗಿದೆ. 1945ರ ಹೊಸ ವರ್ಷಕ್ಕೆ ಫಿನ್ಲೆಂಡ್‌ನ ಬಂದರಿನಲ್ಲಿ ಕುಡಿದು, ಹೇಳದೆ ಕೇಳದೆ ಕಾಣೆಯಾಗಿದ್ದರು. ವಿಚಾರಣೆಯ ಕತ್ತಿ ತಲೆ ಮೇಲೆ ತೂಗುತ್ತಿದ್ದಾಗಲೇ ಈ ಗಸ್ತಿಗೆ ಹೊರಟದ್ದು. ಯುದ್ಧ ಮುಗಿದ ವರ್ಷವೇ ಹುದ್ದೆ ಇಳಿಸಿ ನೌಕಾಪಡೆಯಿಂದ ಕಳಿಸಿದರು. 1949ರಲ್ಲಿ ಕಳ್ಳತನದ ಆರೋಪ, ಜೈಲು. 1960ರಲ್ಲಿ ಹುದ್ದೆ ಮರಳಿ ಸಿಕ್ಕಿತು. 1963ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡಾಗ ಅವರಿಗೆ 50 ವರ್ಷ. 'ಸೋವಿಯತ್ ಒಕ್ಕೂಟದ ವೀರ' ಬಿರುದು ಬಂದದ್ದು 1990ರ ಮೇ 5ರಂದು. ಆಮೇಲೆ ಸ್ಮಾರಕಗಳು, ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಅವರ ಹೆಸರಿನ ಮ್ಯೂಸಿಯಂ, ಎಲ್ಲ.

ಬದುಕಿದ್ದಾಗ ಅವರ ತಪ್ಪನ್ನಷ್ಟೇ ನೋಡಿದರು. ಸತ್ತ ಮೇಲೆ ಪದಕವನ್ನಷ್ಟೇ ನೋಡುತ್ತಿದ್ದಾರೆ. ಎರಡೂ ಸಲ ಅನ್ಯಾಯವಾದದ್ದು ಅದೇ ಮನುಷ್ಯನಿಗೆ.

ಸ್ಮಾರಕ ಕೀಳಿ ಅಂತ ನಾನು ಕೇಳುತ್ತಿಲ್ಲ, ಅದು ಅಲ್ಲೇ ಇರಲಿ. ಹಡಗಿನ ಅವಶೇಷ ಪೋಲೆಂಡ್ ಕರಾವಳಿಯಾಚೆ ಕಡಲಡಿಯಲ್ಲಿ ಬಿದ್ದಿದೆ. ಅದನ್ನು ಯುದ್ಧ ಸಮಾಧಿ ಅಂತ ಗುರುತಿಸಿ, ಸುತ್ತ 500 ಮೀಟರ್ ಒಳಗೆ ಯಾರೂ ಡೈವ್ ಮಾಡಬಾರದು ಅಂತ ನಿಯಮ ಮಾಡಿದ್ದಾರೆ. ಕಲಿನಿನ್‌ಗ್ರಾಡ್‌ನ ಆ ಕೆರೆ ದಂಡೆಯಲ್ಲೂ ಒಂದು ಚಿಕ್ಕ ಕಲ್ಲು ಹಾಕಿಸಲಿ. ಹಡಗಿನ ಹೆಸರು, 1945 ಜನವರಿ 30, ಮತ್ತು ಒಂದೇ ಸಾಲು: ಇದರಲ್ಲಿದ್ದ ಎಷ್ಟೋ ಮಂದಿ ಈ ಸೀಮೆಯವರು.