ಸಮಯ ನೀವು ಆರಿಸಿ, ಕುದುರೆ ನಾವು ಕೊಡುತ್ತೇವೆ

ಕೇಳುಗರಿಗೆಲ್ಲ ನಮಸ್ಕಾರ.

ಅದೊಂದು ಭಾನುವಾರ, ಬೆಳಿಗ್ಗೆ ಎಂಟು ಗಂಟೆ. ನಮ್ಮ ಲಾಯದ ಮುಂದೆ ಎರಡು ಕಾರು ಬಂದು ನಿಂತವು. ಎರಡರಿಂದಲೂ ಹೆಲ್ಮೆಟ್ ಹಾಕಿಕೊಂಡ ಒಂದೊಂದು ಮಗು ಇಳಿಯಿತು. ಇಬ್ಬರು ತಾಯಂದಿರ ಫೋನಿನಲ್ಲೂ ನಾನೇ ಕಳಿಸಿದ ಮೆಸೇಜು: 'ಓಕೆ, ಎಂಟಕ್ಕೆ ಬನ್ನಿ.' ಒಂದು ಓಕೆ ಶುಕ್ರವಾರ ರಾತ್ರಿ ಊಟ ಮಾಡುತ್ತಾ ಒತ್ತಿದ್ದು, ಇನ್ನೊಂದು ಶನಿವಾರ ಕುದುರೆಗೆ ಲಾಳ ಹೊಡೆಸುತ್ತಾ ನಿಂತಾಗ. ಆಗ ಕಲಿಸುವವನು ನಾನೊಬ್ಬನೇ. ಆ ಬೆಳಿಗ್ಗೆ ಹೇಗೆ ಕಳೆಯಿತು ಅಂತ ಹೇಳುವುದಿಲ್ಲ, ಬಿಡಿ.

ಕೊಡಗಿನ ಪೊನ್ನಂಪೇಟೆ ಕಡೆ, ಕಾಫಿ ತೋಟದ ಅಂಚಿನಲ್ಲಿ ನಮ್ಮ ಸಣ್ಣ ಸವಾರಿ ಶಾಲೆ ಇದೆ. ನಾಲ್ಕು ಕುದುರೆ, ಈಗ ಇಬ್ಬರು ಕಲಿಸುವವರು, ಒಂದು ಮೈದಾನ. ಆ ಭಾನುವಾರದ ನಂತರ ನಾನು ಬುಕಿಂಗ್ ಅನ್ನು ಆನ್‌ಲೈನ್‌ಗೆ ಹಾಕಿದೆ. ಕಲಿಯಲು ಬರುವವರು ತಾವೇ ಫೋನಿನಲ್ಲಿ ಖಾಲಿ ಇರುವ ಹೊತ್ತು ನೋಡಿ ಒತ್ತುವುದು. ಒಬ್ಬರು ಒತ್ತಿದ ಕೂಡಲೇ ಆ ಹೊತ್ತು ಉಳಿದವರಿಗೆ ಕಾಣುವುದಿಲ್ಲ. ಇಷ್ಟೇ ಅಲ್ವಾ, ಇನ್ನೇನು ಕಷ್ಟ ಅಂದುಕೊಂಡೆ.

ಮೊದಲ ವಾರದಲ್ಲೇ ತಪ್ಪು ಮಾಡಿದೆ. ಸಮಯದ ಜೊತೆ ಕುದುರೆಯನ್ನೂ ಅವರೇ ಆರಿಸಿಕೊಳ್ಳಲಿ ಅಂತ ಫೋಟೋ ಸಮೇತ ನಾಲ್ಕರ ಹೆಸರೂ ಹಾಕಿದ್ದೆ. ಎಲ್ಲರೂ ಚಿನ್ನಿಯನ್ನೇ ಒತ್ತಿದರು. ಚಿನ್ನಿ ವಯಸ್ಸಾದ ಹೆಣ್ಣು ಕುದುರೆ, ಬಲು ಸಾಧು, ಫೋಟೋದಲ್ಲಿ ಚೆಂದ ಕಾಣುತ್ತಾಳೆ. ಆ ವಾರದ ಭಾನುವಾರ ಅವಳ ಮೇಲೆ ಆರು ಪಾಠ. ಕಂಪ್ಯೂಟರ್ ಪ್ರಕಾರ ಎಲ್ಲವೂ ಸರಿ, ಒಂದರ ಮೇಲೊಂದು ಬೀಳಲಿಲ್ಲ. ಸಂಜೆ ಅವಳು ಹುರುಳಿಯ ಬಕೆಟ್ ಕಡೆ ತಿರುಗಿಯೂ ನೋಡಲಿಲ್ಲ, ತಲೆ ತಗ್ಗಿಸಿ ನಿಂತಿದ್ದಳು. ಲಾಯ ನೋಡಿಕೊಳ್ಳುವ ಅಣ್ಣ ನನ್ನ ಹತ್ತಿರ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಆಮೇಲೆ ಕೂತು ಯೋಚಿಸಿದೆ. ಈ ಬುಕಿಂಗ್ ತಂತ್ರಾಂಶಗಳನ್ನು ಡಾಕ್ಟರಿಗೋ ಕಟಿಂಗ್ ಶಾಪಿಗೋ ಅಂತ ಮಾಡಿರುತ್ತಾರೆ. ಅಲ್ಲಿ ಒಬ್ಬರು ಬಿಡುವಾಗಿದ್ದರೆ ಸಾಕು. ನಮ್ಮಲ್ಲಿ ಮೂರು ಒಟ್ಟಿಗೆ ಬಿಡುವಾಗಬೇಕು: ಕಲಿಸುವವರು, ಕುದುರೆ, ಮೈದಾನ. ಹೋಟೆಲಿನವರು ರೂಮುಗಳ ಲೆಕ್ಕ ಇಡುವಂತೆ ಒಂದೊಂದು ಕುದುರೆಯ ಲೆಕ್ಕವನ್ನೂ ಒಳಗೆ ಕೊಡಬೇಕು. ದಿನಕ್ಕೆ ಎರಡು ಪಾಠ, ಚಿನ್ನಿಗೆ ಒಂದೇ. ವಾರದಲ್ಲಿ ಒಂದು ದಿನ ಪೂರ್ತಿ ರಜೆ. ಸವಾರಿ ನಲವತ್ತೈದು ನಿಮಿಷ ಅಂದರೂ ಕುದುರೆಗೆ ಅದು ಒಂದೂವರೆ ಗಂಟೆಯ ಕೆಲಸ. ಮೈ ಉಜ್ಜಬೇಕು, ಗೊರಸು ನೋಡಬೇಕು, ಜೀನು ಕಟ್ಟಬೇಕು, ಮುಗಿದ ಮೇಲೆ ಬೆವರು ಆರುವ ತನಕ ನಡೆಸಬೇಕು. ಹುರುಳಿ ತಿಂದ ಮೇಲೆ ಕಡಿಮೆ ಅಂದರೂ ಒಂದು ಗಂಟೆ ಓಡಿಸಬಾರದು, ಹೊಟ್ಟೆನೋವು ಬಂದರೆ ಕುದುರೆಯ ಜೀವಕ್ಕೇ ಅಪಾಯ. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ, ಗೊತ್ತಾ? ಇದೆಲ್ಲ ಇಷ್ಟು ವರ್ಷ ಆ ಅಣ್ಣನ ತಲೆಯಲ್ಲೇ ಇತ್ತು. ಎರಡು ಸಂಜೆ ಅವರ ಪಕ್ಕ ಕೂತು ಬರೆದುಕೊಂಡೆ.

ಈಗ ಬರುವವರಿಗೆ ಸಮಯ ಮಾತ್ರ ಕಾಣುತ್ತದೆ. ಯಾವ ಕುದುರೆ ಅಂತ ನಾವು ಹೇಳುತ್ತೇವೆ. ಅದಕ್ಕೆ ಸವಾರರ ತೂಕ ಬೇಕು. ಸವಾರ, ಜೀನು ಎಲ್ಲ ಸೇರಿ ಕುದುರೆಯ ತೂಕದ ಶೇಕಡ 20 ದಾಟಬಾರದು ಅನ್ನುವುದು ಸಾಮಾನ್ಯ ಲೆಕ್ಕ. 450 ಕಿಲೋ ಕುದುರೆಗೆ ಒಟ್ಟು 90 ಕಿಲೋ. ಜೀನಿಗೆ ಹತ್ತು ಕಿಲೋ ತೆಗೆದರೆ ಸವಾರ 80ರ ಒಳಗಿರಬೇಕು. ಫೋನಿನಲ್ಲಿ ಯಾರನ್ನಾದರೂ ನಿಮ್ಮ ತೂಕ ಎಷ್ಟು ಅಂತ ಕೇಳುವುದು ಮುಜುಗರ. ಫಾರ್ಮಿನಲ್ಲಿ ಜನ ಸಲೀಸಾಗಿ ಬರೆಯುತ್ತಾರೆ. ಸ್ವಲ್ಪ ಕಡಿಮೆ ಮಾಡಿಯೇ ಬರೆಯುತ್ತಾರೆ! ಹಾಗಾಗಿ ಕಾಫಿ ಮೂಟೆ ತೂಗುವ ತಕ್ಕಡಿಯನ್ನು ಲಾಯದ ಬಾಗಿಲಲ್ಲೇ ಇಟ್ಟಿದ್ದೇವೆ. ಅದಕ್ಕೆ ದಾಕ್ಷಿಣ್ಯ ಇಲ್ಲ.

ಮೊದಲ ಪಾಠವನ್ನು ಮಾತ್ರ ಆನ್‌ಲೈನ್‌ನಲ್ಲಿ ಕೊಡುವುದಿಲ್ಲ. ಹೊಸಬರು ಫೋನ್ ಮಾಡಲೇಬೇಕು. 'ಕುದುರೆ ಓಡಿಸಿ ಅಭ್ಯಾಸ ಇದೆ' ಅಂತ ಬರೆದವರು ಬೀಚಿನಲ್ಲಿ ಹತ್ತು ನಿಮಿಷ ಕೂತು ಫೋಟೋ ತೆಗೆಸಿಕೊಂಡವರಾಗಿರಬಹುದು. ಒಮ್ಮೆ ಕಣ್ಣಾರೆ ನೋಡಿದ ಮೇಲೆ ಅವರಿಗೆ ಬುಕಿಂಗ್ ತೆರೆಯುತ್ತೇವೆ.

ಇನ್ನು ನಮ್ಮ ಊರಿನ ಲೆಕ್ಕ ಬೇರೆಯೇ. ಸಂಜೆ ಐದೂವರೆಯ ನಂತರ ಪಾಠ ಕಾಣುವುದೇ ಇಲ್ಲ. ಬೆಂಗಳೂರಿನಿಂದ ಬಂದವರು ಯಾಕೆ ಅಂತ ಕೇಳುತ್ತಾರೆ. ಆನೆ ರಸ್ತೆಗೆ ಬರುವ ಹೊತ್ತು ಸ್ವಾಮಿ, ಅವಕ್ಕೆ ಬುಕಿಂಗ್ ಬೇಕಾಗಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನದ ಪಾಠ ಬಂದ್, ಗುಡುಗು ಸಿಡಿಲಿನ ಭಯ. ಕೈಲ್‌ಪೊಳ್ದ್ ಅಂದರೆ ಕೊಡಗಿನ ಆಯುಧಪೂಜೆಯ ಹಬ್ಬ, ಆ ದಿನ ಪಕ್ಕದ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಇರುತ್ತದೆ, ಅವತ್ತು ಯಾವ ಕುದುರೆಯೂ ಲಾಯದಿಂದ ಹೊರಗೆ ಬರುವುದಿಲ್ಲ. ನಮ್ಮ ಸುಗ್ಗಿ ಹಬ್ಬ ಪುತ್ತರಿಯದು ಇನ್ನೊಂದು ಕಥೆ. ಕದಿರು ತೆಗೆಯುವ ರಾತ್ರಿ ಗುಂಡಿನ ಸದ್ದಿಗೆ ಕುದುರೆಗಳು ನಿದ್ದೆ ಮಾಡುವುದಿಲ್ಲ, ಮರುದಿನ ಬೆಳಿಗ್ಗೆ ಪಾಠ ಇಡಬಾರದು. ಆದರೆ ಆ ದಿನ ಯಾವುದು ಅಂತ ಫೋನಿನ ಕ್ಯಾಲೆಂಡರ್ ಹೇಗೆ ಹೇಳುತ್ತದೆ? ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ದಿನ ಗೊತ್ತುಮಾಡಿದ ಮೇಲೆ ನಾನೇ ಕೂತು ಬಂದ್ ಮಾಡಬೇಕು.

ಮಳೆಗಾಲದಲ್ಲಿ ಒಂದು ತಮಾಷೆ ನಡೆಯುತ್ತದೆ. ಜಿಲ್ಲಾಧಿಕಾರಿಗಳು ಶಾಲೆಗೆ ಮಳೆ ರಜೆ ಕೊಟ್ಟರು ಅನ್ನಿ, ಹತ್ತು ನಿಮಿಷದಲ್ಲಿ ನಮ್ಮ ಬೆಳಗಿನ ಪಾಠಗಳೆಲ್ಲ ಭರ್ತಿ! ರಜೆ ಕೊಟ್ಟದ್ದೇ ಮಳೆ ಅಂತ, ಮಕ್ಕಳಿಗೆ ಅದು ಬೇಕಾಗಿಲ್ಲ. ಮೈದಾನದಲ್ಲಿ ಕೆಸರು, ಒದ್ದೆಯಲ್ಲೇ ನಿಂತರೆ ಗೊರಸು ಕೊಳೆಯುತ್ತದೆ. ಅದಕ್ಕೇ ಜೂನ್‌ನಿಂದ ಸೆಪ್ಟೆಂಬರ್ ತನಕ ಹಿಂದಿನ ದಿನ ಸಂಜೆ ಮೈದಾನ ನೋಡಿಯೇ ಮರುದಿನದ ಬುಕಿಂಗ್ ತೆರೆಯುತ್ತೇನೆ. ನಾವು ರದ್ದು ಮಾಡಿದರೆ ಹಣ ವಾಪಸ್. ಅವರು ಹಿಂದಿನ ಸಂಜೆ ಆರರ ಮೇಲೆ ರದ್ದು ಮಾಡಿದರೆ ಅರ್ಧ ನಮಗೆ. ಈ ಒಂದು ಸಾಲು ಬರೆದ ಮೇಲೆ ಸುಮ್ನೆ ಬುಕ್ ಮಾಡಿಟ್ಟು ಬಾರದವರು ಕಡಿಮೆಯಾದರು.

ಕರೆಂಟ್ ಹೋಗಿ, ನೆಟ್‌ವರ್ಕ್ ಹೋಗಿ ಎರಡು ಮೂರು ದಿನ ಏನೂ ಕಾಣದ ಕಾಲವೂ ನಮ್ಮಲ್ಲಿ ಇದೆ. ಅದಕ್ಕೆ ಲಾಯದ ಗೋಡೆಯ ಮೇಲೆ ಒಂದು ಕಪ್ಪು ಹಲಗೆ ಇದೆ. ದಿನಾ ಸಂಜೆ ಮರುದಿನದ ಪಾಠ, ಕುದುರೆ ಎಲ್ಲ ಅದರ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತೇನೆ. ಬೆಳಿಗ್ಗೆ ಐದಕ್ಕೆ ಅಣ್ಣ ಒಂದೊಂದೇ ಕಾಲು ಮುಟ್ಟಿ ನೋಡುತ್ತಾರೆ. ಬಿಸಿ ಅನ್ನಿಸಿದರೆ ಕಾಲಿಗೆ ಏನೋ ಆಗಿದೆ ಅಂತ ಆ ಕುದುರೆಯ ಹೆಸರನ್ನು ಬೆರಳಿನಿಂದ ಒರೆಸುತ್ತಾರೆ. ಅವರು ಒರೆಸಿದ್ದನ್ನು ಮತ್ತೆ ಬರೆಯುವ ಅಧಿಕಾರ ನನಗೂ ಇಲ್ಲ.

ಹೋದ ತಿಂಗಳು ಹಾಗೆ ಒರೆಸಿದ ದಿನ ಒಂಬತ್ತು ಗಂಟೆಗೆ ಬಂದ ಹುಡುಗಿ ಅತ್ತುಬಿಟ್ಟಳು. ಬೇರೆ ಕುದುರೆ ಖಾಲಿ ಇರಲಿಲ್ಲ. ಹಣ ವಾಪಸ್ ಕೊಟ್ಟೆವು. ಅಣ್ಣ ಅವಳನ್ನು ಕರೆದು, 'ಬಾ ಮಗಾ, ಗೊರಸು ಎತ್ತಿ ಹೇಗೆ ಕ್ಲೀನ್ ಮಾಡೋದು ತೋರಿಸ್ತೇನೆ' ಅಂದರು. ಮನೆಗೆ ಹೋಗುವಾಗ ಹನ್ನೊಂದೂವರೆ. ಮೊನ್ನೆ ಬಂದವಳು ನನ್ನನ್ನು ಕೇಳುತ್ತಾಳೆ, 'ಅಂಕಲ್, ಆ ಗೊರಸಿನ ಕ್ಲಾಸ್ ಬುಕಿಂಗ್‌ನಲ್ಲಿ ಯಾಕೆ ಕಾಣ್ತಾ ಇಲ್ಲ?'

ಸೋಮವಾರದೊಳಗೆ ಸೇರಿಸುತ್ತೇನೆ ಅಂತ ಮಾತು ಕೊಟ್ಟಿದ್ದೇನೆ. ನಮಸ್ಕಾರ.