ಎಸಿ/ಡಿಸಿ: ಹಿಂದೆ ನಿಂತ ಅಣ್ಣನ ಗಿಟಾರ್

[ಸ್ಕ್ರೀನ್ ಮೇಲೆ: ಸ್ಕೂಲ್ ಯೂನಿಫಾರ್ಮ್‌ನಲ್ಲಿ ಗಿಟಾರ್ ನುಡಿಸುತ್ತಿರುವ ಆಂಗಸ್ ಯಂಗ್]

ನಮಸ್ಕಾರ. ಆಸ್ಟ್ರೇಲಿಯಾದ ರಾಕ್ ಬ್ಯಾಂಡ್ ಎಸಿ/ಡಿಸಿ ಅಂದ ಕೂಡಲೇ ಕಣ್ಣಿಗೆ ಬರುವುದು ಇವರೇ ಅಲ್ವಾ? ಚಡ್ಡಿ, ಟೈ, ಟೋಪಿ ಹಾಕಿಕೊಂಡು ಸ್ಟೇಜ್ ತುಂಬಾ ಓಡಾಡುವ ಆಂಗಸ್. ಈಗ ಅವರ ಹಿಂದೆ ನೋಡಿ. ಡ್ರಮ್ಸ್ ಪಕ್ಕ, ಜೀನ್ಸ್ ಬನಿಯನ್‌ನಲ್ಲಿ ಒಬ್ಬರು ನಿಂತಿದ್ದಾರೆ. ಕೋರಸ್ ಬಂದಾಗ ಮೈಕ್ ತನಕ ಬಂದು ಹಾಡಿ, ಮತ್ತೆ ಅದೇ ಜಾಗಕ್ಕೆ ಹೋಗುತ್ತಾರೆ. ಅವರು ಮಾಲ್ಕಮ್ ಯಂಗ್, ಆಂಗಸ್ ಅವರ ಅಣ್ಣ. ಬ್ಯಾಂಡಿನ ನಿಜವಾದ ಯಜಮಾನ ಇವರೇ.

ಇವರದು ಸ್ಕಾಟ್ಲೆಂಡ್‌ನ ಗ್ಲಾಸ್ಗೋದ ಕುಟುಂಬ. 1963ರಲ್ಲಿ ಆಸ್ಟ್ರೇಲಿಯಾಕ್ಕೆ ಬಂತು. ಸಿಡ್ನಿಯಲ್ಲಿ 1973ರಲ್ಲಿ ಬ್ಯಾಂಡ್ ಶುರು. ಹೊಲಿಗೆ ಮಷಿನ್ ಮೇಲೆ ಎಸಿ/ಡಿಸಿ ಅಂತ ಬರೆದಿದ್ದನ್ನು ನೋಡಿ ಆ ಹೆಸರು ಸೂಚಿಸಿದ್ದು ಅಕ್ಕ ಮಾರ್ಗರೆಟ್. ಯೂನಿಫಾರ್ಮ್ ಐಡಿಯಾ ಕೂಡ ಅವರದೇ.

ಸರಿ, ಮಾಲ್ಕಮ್ ಮಾಡಿದ್ದೇನು? ರಿದಮ್ ಗಿಟಾರ್, ಅಂದರೆ ಹಾಡಿನ ಲಯ ಹಿಡಿದು ನಡೆಸುವ ಗಿಟಾರ್. ಸೋಲೋ ನುಡಿಸುವ ಲೀಡ್ ಗಿಟಾರಿಗೆ ಸಿಗುವ ಚಪ್ಪಾಳೆ ಇದಕ್ಕೆ ಸಿಗುವುದಿಲ್ಲ. ಮಾಲ್ಕಮ್ ತಾವು ನುಡಿಸುವ ಗ್ರೆಚ್ ಕಂಪನಿಯ ಗಿಟಾರಿನಲ್ಲಿ, ತಂತಿಗಳು ಕೂರುವ ಬ್ರಿಜ್ ಹತ್ತಿರದ ಒಂದೇ ಪಿಕಪ್ (ತಂತಿಯ ಕಂಪನವನ್ನು ಹಿಡಿಯುವ ಭಾಗ) ಉಳಿಸಿಕೊಂಡು ಮಿಕ್ಕಿದ್ದನ್ನು ಕಿತ್ತು ಹಾಕಿದ್ದರು. ದಪ್ಪ ತಂತಿ, ಜೋರಾದ ಹೊಡೆತ, ಆದರೆ ಡಿಸ್ಟಾರ್ಷನ್ (ಸದ್ದನ್ನು ಒಡೆದು ಗರಗರ ಅನ್ನಿಸುವ ಎಫೆಕ್ಟ್) ಕಮ್ಮಿ, ಅದಕ್ಕೇ ಅಷ್ಟು ದೊಡ್ಡ ಸದ್ದಿನಲ್ಲೂ ಪ್ರತಿಯೊಂದು ಸ್ವರ ಬಿಡಿಬಿಡಿಯಾಗಿ ಕೇಳಿಸುತ್ತದೆ. 'ಬ್ಯಾಕ್ ಇನ್ ಬ್ಲ್ಯಾಕ್' ಹಾಡು ಶುರುವಾಗುವುದನ್ನೇ ಗಮನಿಸಿ. ಇ, ಡಿ, ಎ, ಮೂರೇ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು). ಹೊಡೆದು ನಿಲ್ಲಿಸುತ್ತಾರೆ. ಆ ಖಾಲಿ ಜಾಗದಲ್ಲಿ ಫಿಲ್ ರಡ್ ಅವರ ಡ್ರಮ್ಸ್ ನಡೆಯುತ್ತಿರುತ್ತದೆ, ನಮ್ಮ ತಲೆ ತಾನಾಗಿಯೇ ಆಡುವುದು ಅಲ್ಲೇ. ಖಾಲಿ ಬಿಡುವುದಕ್ಕೆ ಧೈರ್ಯ ಬೇಕು ರೀ, ಎಷ್ಟೋ ಬ್ಯಾಂಡ್‌ಗಳು ಆ ಜಾಗ ತುಂಬಿಸಿ ಹಾಡು ಕೆಡಿಸಿವೆ.

[ಸ್ಕ್ರೀನ್ ಮೇಲೆ: ಪೂರ್ತಿ ಕಪ್ಪು ಆಲ್ಬಮ್ ಕವರ್]

ಈ ಹಾಡಿನ ಹಿಂದೆ ಒಂದು ಸಾವಿದೆ. 1980ರ ಫೆಬ್ರವರಿಯಲ್ಲಿ ಗಾಯಕ ಬಾನ್ ಸ್ಕಾಟ್ ಲಂಡನ್‌ನಲ್ಲಿ ತೀರಿಕೊಂಡರು. ಬರೀ 33 ವರ್ಷ. ಬ್ಯಾಂಡ್ ಮುಗಿಯಿತು ಅನ್ನುವ ಪರಿಸ್ಥಿತಿ. ಆದರೆ ಹೊಸ ಗಾಯಕ ಬ್ರಯಾನ್ ಜಾನ್ಸನ್ ಅವರನ್ನು ಸೇರಿಸಿಕೊಂಡು, ಬಹಾಮಾಸ್‌ನಲ್ಲಿ ರೆಕಾರ್ಡಿಂಗ್ ಮಾಡಿ, ಅದೇ ಜುಲೈನಲ್ಲಿ 'ಬ್ಯಾಕ್ ಇನ್ ಬ್ಲ್ಯಾಕ್' ಹೆಸರಿನಲ್ಲೇ ಹೊಸ ಆಲ್ಬಮ್ ತಂದರು. ಬಾನ್‌ಗೋಸ್ಕರ ಕವರ್ ಕಪ್ಪು. ಮೊದಲ ಹಾಡಿಗೆ ಗಂಟೆಯ ಸದ್ದು. ಆದರೂ ಇಡೀ ಆಲ್ಬಮ್‌ನಲ್ಲಿ ಅಳುವ ಹಾಡು ಒಂದೂ ಇಲ್ಲ, ನನಗೆ ಇದು ತುಂಬಾ ಇಷ್ಟ. ಗೆಳೆಯ ಹೇಗೆ ಬದುಕಿದ್ದನೋ ಹಾಗೇ ನುಡಿಸಿದರು. ಜಗತ್ತಿನಲ್ಲಿ ಅತಿ ಹೆಚ್ಚು ಮಾರಾಟವಾದ ಆಲ್ಬಮ್‌ಗಳಲ್ಲಿ ಇದೂ ಒಂದು, ಸುಮಾರು 5 ಕೋಟಿ ಪ್ರತಿ ಎಂಬ ಅಂದಾಜಿದೆ.

ಇವರ ಹಾಡೆಲ್ಲ ಒಂದೇ ಥರ ಅಂತ ಸುಮಾರು ಜನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಡಿಸ್ಕೋ ಬಂತು, ಸಿಂಥ್ ಬಂತು, ಗ್ರಂಜ್ ಬಂತು. ಇವರು ಯಾವುದರ ಹಿಂದೆಯೂ ಓಡಲಿಲ್ಲ, ಗೊತ್ತಿದ್ದ ಒಂದನ್ನೇ ತೇಯುತ್ತಾ ಹೋದರು.

2014ರಲ್ಲಿ ಮರೆವಿನ ಕಾಯಿಲೆಯಿಂದ ಮಾಲ್ಕಮ್ ಬ್ಯಾಂಡ್ ಬಿಟ್ಟರು. ಅವರ ಜಾಗಕ್ಕೆ ಬಂದವರು ಇವರಿಬ್ಬರ ಇನ್ನೊಬ್ಬ ಅಣ್ಣನ ಮಗ ಸ್ಟೀವಿ. 2017ರಲ್ಲಿ ಮಾಲ್ಕಮ್ ತೀರಿಕೊಂಡರು. 2020ರ 'ಪವರ್ ಅಪ್' ಆಲ್ಬಮ್‌ನ ಪ್ರತಿ ಹಾಡಿನ ಕೆಳಗೂ ಹಾಡು ಬರೆದವರಾಗಿ ಆಂಗಸ್ ಜೊತೆ ಮಾಲ್ಕಮ್ ಹೆಸರೂ ಇದೆ.

ಇವತ್ತು ಇಯರ್‌ಫೋನ್ ಹಾಕಿಕೊಂಡು ಒಂದು ಹಾಡು ಕೇಳಿ. ಆಂಗಸ್ ಸೋಲೋ ಶುರು ಮಾಡಿದಾಗ ಅದನ್ನು ಬಿಟ್ಟುಬಿಡಿ, ಕೆಳಗೆ ನಡೆಯುತ್ತಿರುವ ಇನ್ನೊಂದು ಗಿಟಾರ್ ಕಡೆ ಕಿವಿ ಕೊಡಿ. ಯಾವ ಹಾಡಿನಲ್ಲಿ ಅದು ಚೆನ್ನಾಗಿ ಸಿಕ್ಕಿತು ಅಂತ ನನಗೂ ಹೇಳಿ.